ಜಾಲರಿಗೆ ಹತ್ತಿದ ಅರಿಶಿನ

ವಿಶಾಲಾಕ್ಷಮ್ಮನವರ ಬಾಯಿಗೆ ಅಂಟಿಕೊಂಡ ಮಾತೊಂದಿತ್ತು: "ನೀವು ಹೇಗಂದ್ರೆ ಹಾಗೆ." ಮದುವೆ ಸೀರೆ ಯಾವ ಬಣ್ಣದ್ದಿರಲಿ ಎಂದು ಅತ್ತೆಯಾಗುವವರು ಕೇಳಿದಾಗ ಹೇಳಿದ್ದು ಅದನ್ನೇ. ಮಗಳು ಮಾನ್ಯಳನ್ನು ಯಾವ ಶಾಲೆಗೆ ಸೇರಿಸೋಣ ಎಂದು ಗಂಡ ಕೇಳಿದಾಗಲೂ ಅದನ್ನೇ. ಹೋಟೆಲಿನಲ್ಲಿ ಮಸಾಲೆ ದೋಸೆಯೋ ಸೆಟ್ ದೋಸೆಯೋ ಎಂದು ಸಪ್ಲೈಯರ್ ಬಂದು ನಿಂತರೆ, ಅವರು ಎದುರಿಗೆ ಕೂತವರ ಮುಖ ನೋಡುತ್ತಿದ್ದರು. ಇದನ್ನು ಕೆಲವರು ವಿನಯ ಅಂದರು, ಕೆಲವರು ಒಳ್ಳೆಯ ಸೊಸೆಯ ಲಕ್ಷಣ ಅಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ ಅದು ಬರೀ ಹೆದರಿಕೆ. ತಾನು ಆರಿಸಿದ್ದು ಕೆಟ್ಟರೆ ಬೈಗುಳವೂ ತನ್ನ ತಲೆಗೇ ಬರುತ್ತದಲ್ಲ, ಆ ಹೆದರಿಕೆ.

ಬಳೇಪೇಟೆಯ ಓಣಿಯೊಂದರಲ್ಲಿ ಅವರ ಮನೆತನದ ಅಂಗಡಿ. ಮುಂಭಾಗದಲ್ಲಿ ಮೈದುನ ಶಿವರುದ್ರಪ್ಪನವರ ಬಳೆ ಸಗಟು ವ್ಯಾಪಾರ. ಡಬ್ಬಗಳ ನಡುವೆ ಮೈ ಓರೆ ಮಾಡಿಕೊಂಡು ಹಿಂದಕ್ಕೆ ಹೋದರೆ ಗಂಡ ಏಕಾಂತಯ್ಯನವರು ಕಟ್ಟಿದ ವರ್ಕ್‌ಶಾಪು. ಅಲ್ಲಿ ಅಲ್ಯೂಮಿನಿಯಂ ತಗಡಿನ ಮೇಲೆ ಅಕ್ಷರ, ಗುರುತು ಕೊರೆಯುತ್ತಿದ್ದರು. ಉಳಿ ಸುತ್ತಿಗೆಯಿಂದಲ್ಲ. ಉಳಿಯಬೇಕಾದ ಭಾಗವನ್ನು ಲೇಪದಿಂದ ಮುಚ್ಚಿ ತಗಡನ್ನು ತೊಟ್ಟಿಗೆ ಇಳಿಸಿದರೆ, ಮುಚ್ಚದ ಭಾಗವನ್ನು ತೊಟ್ಟಿಯಲ್ಲಿರುವ ದ್ರಾವಣ ತಿಂದುಹಾಕುತ್ತದೆ. ಎಚಿಂಗ್ ಅಂದರೆ ಇಷ್ಟೇ. ಪಂಪು, ಮೋಟರು, ಟ್ರಾನ್ಸ್‌ಫಾರ್ಮರುಗಳ ಮೈಮೇಲಿನ ಹೆಸರಿನ ಫಲಕಗಳು ಎಷ್ಟೋ ವರ್ಷ ಈ ಹಿತ್ತಲಿನಿಂದಲೇ ಹೋದವು.

ಗಿರಾಕಿಗಳ ಹತ್ತಿರ ಮಾತಾಡುವುದು, ಬಣ್ಣ ನಿಶ್ಚಯಿಸುವುದು ಏಕಾಂತಯ್ಯನವರ ಪಾಲು. ತಗಡಿನ ಮೈ ತಯಾರು ಮಾಡುವುದು ವಿಶಾಲಾಕ್ಷಮ್ಮನವರ ಪಾಲು. ಉಜ್ಜುವುದು, ತೊಳೆಯುವುದು, ಆಮ್ಲದ ತೊಟ್ಟಿಯಲ್ಲಿಟ್ಟು ಕರೆಂಟು ಹಾಯಿಸಿ, ಬಣ್ಣ ಹೀರುವ ಪದರ ಮೂಡುವ ಹಾಗೆ ಆನೋಡೈಸ್ ಮಾಡುವುದು, ಬಣ್ಣದಲ್ಲಿ ಅದ್ದುವುದು, ಕೊನೆಗೆ ಹಂಡೆಯ ಕುದಿನೀರಿಗೆ ಹಾಕಿ ಪದರದ ರಂಧ್ರ ಮುಚ್ಚಿ ಸೀಲ್ ಮಾಡುವುದು. ಕೈ ಚೆನ್ನಾಗಿ ಕೂತಿತ್ತು. ಆದರೆ ಯಾವ ಬಣ್ಣ, ಯಾವ ಮೈ ಎಂದು ಅವರನ್ನು ಯಾರೂ ಕೇಳಿದ್ದಿಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದರು ಅನ್ನುವುದು ನಿಮಗೆ ಗೊತ್ತೇ ಇದೆ.

ಏಕಾಂತಯ್ಯನವರು ತೀರಿಕೊಂಡ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಸ್ಟಿಕರ್ ಅಂಟಿಸುವುದಕ್ಕೆ ಹೊರಳಿದರು. ಶಿವರುದ್ರಪ್ಪನವರು ಒಂದಷ್ಟು ತಿಂಗಳು ಸುಮ್ಮನಿದ್ದು, ಕೊನೆಗೊಂದು ದಿನ ಬಾಗಿಲ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡರು.

"ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ದೀಪಾವಳಿವರೆಗೂ ನೋಡೋಣ. ಕೆಲಸ ಬಂತೋ ಸರಿ. ಇಲ್ಲಾಂದ್ರೆ ಈ ಜಾಗ ಗೋಡೌನ್ ಮಾಡ್ಕೊಂಡ್ಬಿಡ್ತೀನಿ. ಡಬ್ಬ ಒಳಗೆ, ನಾನು ಬೀದೀಲಿ ಅನ್ನೋ ಹಾಗಾಗಿದೆ ನನ್ನ ಸ್ಥಿತಿ."

"ನೀವು ಹೇಗಂದ್ರೆ ಹಾಗೆ," ಅಂದರು ವಿಶಾಲಾಕ್ಷಮ್ಮ.

ಅಂದದ್ದೇನೋ ಅಂದರು, ಮೈದುನ ಅತ್ತ ಹೋದ ಮೇಲೆ ತೊಳೆದಿಟ್ಟ ತೊಟ್ಟಿಗಳನ್ನೇ ಇನ್ನೊಮ್ಮೆ ತೊಳೆದರು. ಚಾಮರಾಜಪೇಟೆಯ ಮನೆಯಲ್ಲಿ ಅವರು ಅಡಿಗೆ ಮಾಡುವ ಅಮ್ಮ, ಓಣಿಯಲ್ಲಿ ಏಕಾಂತಯ್ಯನವರ ಹೆಂಡತಿ. ಆ ತೊಟ್ಟಿಗಳ ಮುಂದೆ ನಿಂತಾಗ ಮಾತ್ರ ಅವರಿಗೆ ತಾವೂ ಒಬ್ಬರು ಅನ್ನಿಸುತ್ತಿತ್ತು. ಅದನ್ನು ಬಳೆ ಡಬ್ಬಗಳಿಗೆ ಬಿಟ್ಟುಕೊಡಲು ಅವರಿಗೆ ಸುತಾರಾಂ ಮನಸ್ಸಿರಲಿಲ್ಲ.

ಗಣೇಶನ ಹಬ್ಬ ಕಳೆದ ಮೇಲೆ ಬಸವನಗುಡಿಯಿಂದ ಪ್ರಿಯಂವದಾ ಬಂದಳು. ಮೂವತ್ತರ ಆಚೀಚೆಯ ಹುಡುಗಿ, ಅಪ್ಪನ ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಸ್ಪೀಕರ್ ತಯಾರಿಸುತ್ತಿದ್ದಳು. ವೀಣೆ, ಪಿಟೀಲು ಕೇಳುವವರಿಗೆಂದೇ ಮಾಡುವ ಸ್ಪೀಕರು. ಅದರ ಮುಂದಿನ ಜಾಲರಿಗೆ ಅವಳದೊಂದು ಆಸೆಯಿತ್ತು. ಅಜ್ಜಿ ಬಾಗಿಲಿಗೆ ಹಾಕುತ್ತಿದ್ದ ಚುಕ್ಕಿ ರಂಗೋಲಿಯನ್ನು ಬಿಡಿಸಿಕೊಂಡು ಬಂದಿದ್ದಳು.

"ಚುಕ್ಕಿ ಇರೋ ಕಡೆ ತೂತು ಬರ್ಬೇಕು ಆಂಟಿ, ಸದ್ದು ಅಲ್ಲಿಂದ ಬರುತ್ತೆ. ಎಳೆ ಇರೋ ಕಡೆ ಅರ್ಧ ಆಳ ಕೊರೆದ್ರೆ ಸಾಕು, ಕಣ್ಣಿಗೆ ಕಾಣೋಕೆ. ಆಗುತ್ತಾ?"

ಆಗುತ್ತಿತ್ತು. ಅವೆನ್ಯೂ ರಸ್ತೆಯ ಪ್ರಿಂಟಿಂಗ್ ಅಂಗಡಿಯಲ್ಲಿ ರಂಗೋಲಿಯ ಫಿಲ್ಮ್ ತೆಗೆಸಿ, ಅದರಂತೆ ಲೇಪ ಕೂರಿಸಿ, ವಿಶಾಲಾಕ್ಷಮ್ಮನವರು ಮೊದಲ ತಗಡನ್ನು ಕೊರೆದೇಬಿಟ್ಟರು. ತೂತು ಒಂದೊಂದೂ ದುಂಡಗೆ, ಎಳೆಗಳು ಉಗುರಿಗೆ ಸಿಗುವಷ್ಟು ಆಳ. ಕೊರೆತ ಒಂದೇ ಸಲಕ್ಕೆ ಸರಿಹೋಯಿತು. ತಾಪತ್ರಯ ಶುರುವಾದದ್ದು ಅದರ ಮೈ ಹೇಗಿರಬೇಕು ಅನ್ನುವಲ್ಲಿ.

ಕನ್ನಡಿಯ ಹಾಗೆ ಪಾಲಿಶ್ ಮಾಡಿಕೊಟ್ಟರು. ಪ್ರಿಯಂವದಾ ಎರಡು ದಿನ ಇಟ್ಟುಕೊಂಡು ವಾಪಸ್ ತಂದಳು. "ಸಂಗೀತ ಕೇಳೋಕೆ ಕೂತ್ರೆ ನನ್ನ ಮುಖಾನೇ ಕಾಣುತ್ತೆ ಆಂಟಿ. ರಾಗದ ಮಧ್ಯೆ ಕೂದಲು ಸರಿ ಮಾಡ್ಕೋತಾ ಕೂತಿದ್ದೆ." ಕಪ್ಪು ಬಣ್ಣದ್ದು ಮಾಡಿದರು. ಗಂಭೀರವಾಗಿತ್ತು, ಆದರೆ ಅಜ್ಜಿಯ ರಂಗೋಲಿ ಕತ್ತಲಲ್ಲಿ ಮುಳುಗಿಹೋಯಿತು, ಮೇಲೆ ಕೂತ ಧೂಳು ಮಾತ್ರ ಎದ್ದು ಕಂಡಿತು. ಪೌಡರ್ ಕೋಟಿಂಗ್ ಮಾಡಿಸಿದರೆ ಬಣ್ಣ ದಪ್ಪಗೆ ಕೂತು ತೂತುಗಳು ಸಣ್ಣಗಾದವು. "ಮೇಲಿನ ಸ್ವರ ಮಂಕಾಗುತ್ತೆ, ಬೇಡ," ಅಂದಳು. ಒಂದೇ ದಿಕ್ಕಿಗೆ ಎಮರಿ ಕಾಗದ ಉಜ್ಜಿ ಕೂದಲೆಳೆಯಂಥ ಗೀರು ಬರುವ ಹೇರ್‌ಲೈನ್ ಮಾಡಿದರು. ಅದು ಅವಳಿಗೆ ಒಪ್ಪಿಗೆಯಾಯಿತು, ಮಾರನೆಯ ದಿನ ಫೋನ್ ಮಾಡಿ "ನಮ್ಮಪ್ಪ ಲಿಫ್ಟ್ ಬಾಗಿಲಿನ ಹಾಗಿದೆ ಅಂತಾರೆ" ಎಂದು ಅಳುದನಿ ತೆಗೆದಳು. ಮುಹೂರ್ತದ ಹಿಂದಿನ ದಿನವೂ ಸೀರೆ ಬದಲಾಯಿಸುವ ಮದುವೆಮನೆಯವರು ಇವಳಿಗಿಂತ ವಾಸಿ ಎಂದು ಶಿವರುದ್ರಪ್ಪನವರು ಮುಂದಿನಂಗಡಿಯಿಂದ ಗೊಣಗಿದರು.

ಒಂದು ದಿನ ಪ್ರಿಯಂವದಾ ಸ್ಯಾಂಪಲ್‌ಗಳನ್ನೆಲ್ಲ ಬೆಂಚಿನ ಮೇಲೆ ಸಾಲಾಗಿಟ್ಟು ಕೇಳಿದಳು: "ನೀವೇ ಹೇಳಿ ಆಂಟಿ, ಯಾವುದು?"

"ನೀವು ಹೇಗಂದ್ರೆ ಹಾಗೆ ಮಾಡ್ಕೊಡ್ತೀನಮ್ಮ."

"ಅದೇ ನೋಡಿ ಕಷ್ಟ," ಪ್ರಿಯಂವದಾ ಸ್ಟೂಲಿನ ಮೇಲೆ ಕುಕ್ಕರಿಸಿದಳು. "ನನಗೆ ಕಿವಿ ಇದೆ, ಕಣ್ಣಿಲ್ಲ. ನಾನು ಹೇಳಿದ ಹಾಗೆ ಮಾಡ್ಕೊಡೋರು ಬೇಕಾದಷ್ಟು ಜನ ಸಿಗ್ತಾರೆ, ದೊಡ್ಡ ಫ್ಯಾಕ್ಟರಿಗಳೇ ಇದಾವೆ. ನಂಗೆ ಬೇಕಾಗಿರೋದು ಇದು ಸರಿ, ಇದು ಬೇಡ ಅಂತ ಹೇಳೋರು. ಮುಂದೆ ಮಾಡೋ ಒಂದೊಂದು ಸ್ಪೀಕರಿಗೂ ಬೇಕು. ನಿಮಗೆ ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಮಾತು ಕಡ್ಡಿ ಮುರಿದ ಹಾಗಿತ್ತು, ಆದರೆ ಸುಳ್ಳೇನೂ ಇರಲಿಲ್ಲ. ವಿಶಾಲಾಕ್ಷಮ್ಮನವರು ಸ್ಯಾಂಪಲ್‌ಗಳನ್ನು ನೋಡಿದರು. ಒಂದೂ ಸರಿಯಿಲ್ಲ ಎಂದು ಅವರ ಕಣ್ಣು ಹೇಳುತ್ತಿತ್ತು, ಅದನ್ನು ಬಾಯಿಗೆ ತರುವ ಬದಲು ಅವುಗಳ ಧೂಳು ಒರೆಸತೊಡಗಿದರು. ಕೊನೆಗೆ ಸೋತ ಪ್ರಿಯಂವದಾನೇ ಹೇರ್‌ಲೈನ್ ತಗಡನ್ನು ಎತ್ತಿ, "ಸದ್ಯಕ್ಕೆ ಇದೇ ಇರಲಿ. ವಿಜಯದಶಮಿ ಮಾರನೇ ದಿನ ನಮ್ಮ ಬೀದೀಲಿ ತ್ರಿಪುರಸುಂದರಿಯವರ ಮನೇಲಿ ವೀಣೆ ಕಚೇರಿ. ಅಲ್ಲಿ ಎಲ್ಲರಿಗೂ ಸ್ಪೀಕರ್ ತೋರಿಸ್ತಿದೀನಿ. ನಾಲ್ಕು ಜಾಲರಿ ಬೇಕು. ಮುಂದಿನದು ಆಮೇಲೆ ನೋಡೋಣ," ಎಂದು ಹೊರಟುಹೋದಳು. ಆಮೇಲೆ ನೋಡೋಣ ಅಂದರೆ ಏನೆಂದು ವ್ಯಾಪಾರದ ಮನೆಗೆ ಸೊಸೆಯಾಗಿ ಬಂದವರಿಗೆ ಬಿಡಿಸಿ ಹೇಳಬೇಕೆ?

ಆಯುಧ ಪೂಜೆಯ ಹಿಂದಿನ ದಿನ ನಾಲ್ಕೂ ಜಾಲರಿ ಆಮ್ಲದ ತೊಟ್ಟಿಯಿಂದ ಹೊರಗೆ ಬಂದವು. ಇನ್ನೇನು ಕುದಿನೀರಿಗೆ ಹಾಕಿ ಸೀಲ್ ಮಾಡಬೇಕು, ನೋಡಿದರೆ ಗ್ಯಾಸ್ ಸಿಲಿಂಡರ್ ಖಾಲಿ. ಹೊಸದು ಬರುವಷ್ಟರಲ್ಲಿ ಶಿವರುದ್ರಪ್ಪನವರು ಅಂಗಡಿ ತೊಳೆಸಲು ನಿಂತಿದ್ದರು. ಬೆಳಿಗ್ಗೆ ಮಾಡಿದರಾಯಿತು ಎಂದು ವಿಶಾಲಾಕ್ಷಮ್ಮನವರು ಜಾಲರಿಗಳ ಮೇಲೆ ಒಗೆದ ಪಂಚೆ ಹೊದಿಸಿ ಮನೆಗೆ ಹೋದರು.

ಬೆಳಿಗ್ಗೆ ಬಂದು ನೋಡಿದರೆ ಶಿವರುದ್ರಪ್ಪನವರು ಆಗಲೇ ಒಲೆ, ಹಂಡೆ, ಕರೆಂಟಿನ ಪೆಟ್ಟಿಗೆ ಎಲ್ಲವನ್ನೂ ತೊಳೆದು ಪೂಜೆಗೆ ಜೋಡಿಸಿಬಿಟ್ಟಿದ್ದರು. ಪೂಜೆಗಿಟ್ಟ ಸಾಮಾನನ್ನು ಆ ದಿನ ಕೆಲಸಕ್ಕೆ ಮುಟ್ಟುವ ಹಾಗಿಲ್ಲ. ಹಿಂದೆಲ್ಲ ಏಕಾಂತಯ್ಯನವರೇ ಪೂಜೆ ಮಾಡುತ್ತಿದ್ದರು, ಈ ಸಲ ವಿಶಾಲಾಕ್ಷಮ್ಮನವರು ಮಾಡಿದರು. ತೊಟ್ಟಿಗಳಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದರು, ಒಲೆಗೆ ಅರಿಶಿನ ಕುಂಕುಮ ಇಟ್ಟರು, ಚೆಂಡುಹೂ ಏರಿಸಿದರು. ಪಂಚೆಯ ಕೆಳಗಿನ ಜಾಲರಿಗಳು ನೆನಪಾದವು. ತಾವೊಬ್ಬರೇ ನಿಂತು ಮಾಡಿದ ಮೊದಲ ಕೆಲಸ, ಅದನ್ನು ಬಿಡುವುದುಂಟೆ? ನಾಲ್ಕನ್ನೂ ಗೋಡೆಗೆ ಒರಗಿಸಿ, ಮೂಲೆಮೂಲೆಗೆ ಅರಿಶಿನ ಕಲಸಿ ಹಚ್ಚಿ, ಮೇಲೆ ನೀರು ಚಿಮುಕಿಸಿದ ಹೂವಿಟ್ಟು, ಮನಸ್ಸು ತುಂಬಿ ಕೈಮುಗಿದರು.

ಸೀಲ್ ಆಗದ ಆನೋಡೈಸ್ ತಗಡು ಹೊಸ ಮಣ್ಣಿನ ಗೋಡೆಯ ಹಾಗೆ, ತಾಗಿದ್ದನ್ನೆಲ್ಲ ಕುಡಿಯುತ್ತದೆ. "ಹಸಿ ತಗಡಿಗೆ ಕೈ ತಾಗಿಸಬೇಡಿ" ಎಂದು ಬಂದವರಿಗೆಲ್ಲ ಗದರುತ್ತಿದ್ದವರು ಅವರೇ. ಭಕ್ತಿ ಬಂದಾಗ ಬುದ್ಧಿ ಎಲ್ಲಿ ಹೋಗಿತ್ತೋ, ಆ ಶಿವನೇ ಬಲ್ಲ.

ವಿಜಯದಶಮಿಯ ಬೆಳಿಗ್ಗೆ ಹೂ ತೆಗೆದು ತೊಳೆದರೆ ಅರಿಶಿನ ಹೋಗಲಿಲ್ಲ. ಸೋಪು ಹಾಕಿದರು, ನಿಂಬೆಹಣ್ಣು ಉಜ್ಜಿದರು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರು. ಕಲೆ ಮೇಲೆ ಕೂತಿರಲಿಲ್ಲ, ಒಳಗೆ ಇಳಿದಿತ್ತು. ಪದರವನ್ನೇ ಕಿತ್ತರೆ ಹೇರ್‌ಲೈನೂ ಹೋಗುತ್ತದೆ, ನಾಲ್ಕನ್ನೂ ಮತ್ತೆ ಉಜ್ಜಿ ಮುಗಿಸಲು ಹೊತ್ತಿಲ್ಲ, ಕಚೇರಿ ನಾಳೆ. ವಿಶಾಲಾಕ್ಷಮ್ಮನವರು ಅಲ್ಲೇ ಕೆಳಗೆ ಕೂತರು. ಗಂಡ ತೀರಿಕೊಂಡಾಗ ಎಲ್ಲರ ಮುಂದೆ ಅಳು ತಡೆದುಕೊಂಡಿದ್ದವರು ನಾಲ್ಕು ತಗಡಿನ ಮುಂದೆ ಗಟ್ಟಿಯಾಗಿ ಅತ್ತರು.

ಸದ್ದು ಕೇಳಿ ಶಿವರುದ್ರಪ್ಪನವರು ಓಡಿ ಬಂದರು. ವಿಷಯ ತಿಳಿದ ಮೇಲೆ ಅವರ ಮುಖವೂ ಸಣ್ಣಗಾಯಿತು. ಗೋಡೌನಿನ ಆಸೆ ಇದ್ದರೂ ಅತ್ತಿಗೆಯ ಕಣ್ಣೀರು ಬಯಸುವ ಮನುಷ್ಯನಲ್ಲ.

"ಅಳ್ಬೇಡಿ ಅತ್ತಿಗೆ. ಕಪ್ಪು ಬಣ್ಣದಲ್ಲಿ ಅದ್ದಿಬಿಡಿ. ಕಲೆ ಮುಚ್ಚೋಗುತ್ತೆ. ಕೇಳಿದ್ರೆ ಕಪ್ಪೇ ಚೆನ್ನಾಗಿರುತ್ತೆ ಅಂತ ಮಾಡಿದೆ ಅನ್ನಿ. ಯಾರಿಗೆ ಗೊತ್ತಾಗ್ಬೇಕು?"

ನಾಲಿಗೆಯ ತುದಿಯಲ್ಲಿ ಹಳೆಯ ಮಾತು ಸಿದ್ಧವಾಗಿತ್ತು. ಕಪ್ಪು ಬಣ್ಣದ ಡಬ್ಬವೂ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಅವರು ಎದ್ದು ಒಂದು ಜಾಲರಿಯನ್ನು ಹಿತ್ತಲ ಬಾಗಿಲಿನ ಬೆಳಕಿಗೆ ಹಿಡಿದರು, ಕಲೆ ಎಷ್ಟು ದೂರ ಹೋಗಿದೆ ನೋಡೋಣವೆಂದು.

ಮೂಲೆಯ ಬೊಟ್ಟಿನಿಂದ ಹೂವಿನ ನೀರಿನ ಜೊತೆ ಇಳಿದ ಅರಿಶಿನ, ಕೊರೆದ ಎಳೆಗಳ ಗುಂಟ ಅಷ್ಟು ದೂರ ಹರಿದಿತ್ತು. ಅರಿಶಿನ ಹೋದಲ್ಲಿ ಎಳೆ ಎದ್ದು ಕಾಣುತ್ತಿತ್ತು. ಚುಕ್ಕಿ ಸುತ್ತಿ, ತಿರುಗಿ, ಇನ್ನೊಂದು ಚುಕ್ಕಿಗೆ ಹೋಗುವ ಎಳೆ. ಇಷ್ಟು ದಿನ ಮಾಡಿದ ಯಾವ ಸ್ಯಾಂಪಲಿನಲ್ಲೂ ಅದು ಹೀಗೆ ಕಂಡಿರಲಿಲ್ಲ. ಹೊಳಪಿನಲ್ಲಿ ಕಳೆದುಹೋಗಿತ್ತು, ಕಪ್ಪಿನಲ್ಲಿ ಮುಳುಗಿತ್ತು, ಹೇರ್‌ಲೈನಿನ ಗೀರುಗಳು ಅದನ್ನು ಅಡ್ಡಡ್ಡ ಕತ್ತರಿಸಿದ್ದವು. ಕೆಟ್ಟುಹೋದ ಈ ಮೂಲೆಯೊಂದರಲ್ಲಿ ಮಾತ್ರ ಅದು ರಂಗೋಲಿಯಾಗಿತ್ತು.

ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲ ಅನ್ನುವುದು ಬಟ್ಟೆ ಒಗೆಯುವ ಯಾರಿಗಾದರೂ ಗೊತ್ತು. ಆದರೆ ಹಿತ್ತಲ ಗೋಡೆಯ ಮೇಲೆ, ಮಧ್ಯಾಹ್ನವಿಡೀ ಬಿಸಿಲು ಬಡಿಯುವ ಜಾಗದಲ್ಲಿ, ಏಕಾಂತಯ್ಯನವರು ಯಾವ ಕಾಲದಲ್ಲೋ ಮೊಳೆ ಹೊಡೆದಿದ್ದ ಫಲಕವೊಂದಿತ್ತು. ಟ್ರಾನ್ಸ್‌ಫಾರ್ಮರಿಗೆಂದು ಮಾಡಿದ "ಅಪಾಯ" ಎಂಬ ಹಳದಿ ಫಲಕ. ಅದರ ಬಣ್ಣ ಇನ್ನೂ ಹಾಗೇ ಇತ್ತು. ಆ ಹಳದಿಯ ಡಬ್ಬ ಕಪಾಟಿನಲ್ಲಿತ್ತು. ಅದಕ್ಕೆ ನೀರು ಬೆರೆಸಿ ಬೆರೆಸಿ ತೆಳ್ಳಗೆ ಮಾಡಿ, ತಗಡನ್ನು ಅದ್ದಿ ತಕ್ಷಣ ತೆಗೆದರೆ? ನುಣುಪಾದ ಮೇಲ್ಮೈ ಸ್ವಲ್ಪವೇ ಕುಡಿಯುತ್ತದೆ, ತರಿತರಿಯಾದ ಎಳೆ ಜಾಸ್ತಿ ಕುಡಿಯುತ್ತದೆ.

ವಿಶಾಲಾಕ್ಷಮ್ಮನವರು ಕಣ್ಣೊರೆಸಿಕೊಂಡು ಪ್ರಿಯಂವದಾಗೆ ಫೋನ್ ಮಾಡಿದರು. ಆದದ್ದನ್ನು ಆದ ಹಾಗೆ ಹೇಳಿದರು. ಅರಿಶಿನ ಹಚ್ಚಿದ್ದು, ಅದು ಇಳಿದದ್ದು, ತಪ್ಪು ತನ್ನದೇ ಎಂಬುದು.

"ಆಂಟಿ, ನಾಳೇನೇ ಕಚೇರಿ," ಪ್ರಿಯಂವದಾ ಅಂದಳು. ದನಿ ಇಳಿದಿತ್ತು. "ಈಗ ಏನ್ ಮಾಡೋದು?"

"ನೀವು..." ಎಂದು ಶುರುವಾದ ಮಾತನ್ನು ವಿಶಾಲಾಕ್ಷಮ್ಮನವರು ಅಲ್ಲೇ ನುಂಗಿದರು.

"ಹಳದಿ ಮಾಡ್ತೀನಿ," ಅಂದರು.

"ಹಳದಿ?"

"ಹೂಂ. ಗಾಢ ಅಲ್ಲ, ತಿಳಿ. ಹೊಳಪು ಇರಲ್ಲ. ಹೇರ್‌ಲೈನ್ ತೆಗೆದ್ಹಾಕ್ತೀನಿ, ಅದು ನಿಮ್ಮಜ್ಜಿ ಎಳೇನ ಕೊಯ್ತಾ ಇತ್ತು. ನಂಗೆ ಮೊದಲ್ನೇ ದಿನವೇ ಕಂಡಿತ್ತು, ಹೇಳೋಕೆ ಧೈರ್ಯ ಬರ್ಲಿಲ್ಲ. ಕಪ್ಪೂ ಬೇಡ, ಬಿಳೀನೂ ಬೇಡ. ಇದೇ ಸರಿ."

ಇಷ್ಟು ಉದ್ದದ ಮಾತನ್ನು ತಾವೇ ಆಡಿದ್ದೆಂದು ಅವರಿಗೆ ನಂಬಿಕೆ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಶಿವರುದ್ರಪ್ಪನವರಂತೂ ಬಾಯಿ ತೆರೆದುಕೊಂಡು ಕೇಳುತ್ತಿದ್ದರು.

"ಕೆಟ್ರೆ?" ಕೇಳಿದಳು ಪ್ರಿಯಂವದಾ.

"ಕೆಟ್ರೆ ನನ್ನನ್ನ ಬೈಯಿರಿ."

ಆ ಕಡೆಯಿಂದ ಸಣ್ಣ ನಗು ಕೇಳಿಸಿತು. "ಮಾಡಿ ಆಂಟಿ."

ಅವತ್ತಿನ ಕೆಲಸವನ್ನು ನೋಡಬೇಕಿತ್ತು. ಜಾಲರಿಗಳನ್ನು ಕಾಸ್ಟಿಕ್ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿದರು. ನೊರೆಯೆದ್ದು ಮೇಲಿನ ಪದರ ಬಿಟ್ಟುಕೊಂಡಿತು, ಅದರ ಜೊತೆ ಅರಿಶಿನವೂ ಹೋಯಿತು, ಹೇರ್‌ಲೈನಿನ ಗೀರೂ ಹೋಯಿತು. ಉಳಿದದ್ದು ಮೃದುವಾದ ಮಂಕು ಮೈ. ಮತ್ತೆ ಆಮ್ಲ, ಮತ್ತೆ ಕರೆಂಟು. ತೆಳು ಹಳದಿಯನ್ನು ಮೊದಲು ಚೂರು ತಗಡುಗಳ ಮೇಲೆ ನೋಡಿದರು. ಒಂದು ಗಾಢವಾಯಿತು, "ಅಪಾಯ" ಎಂದು ಬರೆಯುವುದೊಂದು ಬಾಕಿ. ಇನ್ನಷ್ಟು ನೀರು ಸುರಿದರು. ಆಮೇಲೆ ಬಂದ ಬಣ್ಣ ಹಳದಿ ಹೌದೋ ಅಲ್ಲವೋ ಅನ್ನುವಂತಿತ್ತು, ಬೆಳಕಿಗೆ ಹಿಡಿದರೆ ಮಾತ್ರ ಎಳೆಗಳು ಹಬ್ಬದ ಹೊಸಿಲಿನ ಹಾಗೆ ಕಂಡವು. ಶಿವರುದ್ರಪ್ಪನವರು ಹಬ್ಬದ ಊಟಕ್ಕೂ ಹೋಗದೆ ಹಂಡೆಯ ನೀರು ಕುದಿಸಿಕೊಟ್ಟರು. ಈ ಸಲ ಸೀಲ್ ಆಗುವವರೆಗೆ ಯಾರನ್ನೂ, ದೇವರನ್ನೂ ಸಹ, ವಿಶಾಲಾಕ್ಷಮ್ಮನವರು ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಮಾರನೆಯ ಸಂಜೆ ತ್ರಿಪುರಸುಂದರಿಯವರ ಮನೆಯ ಹಜಾರದಲ್ಲಿ ಜಮಖಾನ ಹಾಸಿ ಜನ ಕೂತಿದ್ದರು. ವೀಣೆ ಕಚೇರಿ. ಕಲಾವಿದರ ಎರಡೂ ಪಕ್ಕ ಪ್ರಿಯಂವದಾಳ ಸ್ಪೀಕರುಗಳು, ಅವುಗಳ ಮುಂದೆ ತಿಳಿ ಹಳದಿ ಜಾಲರಿಗಳು. ವಿಶಾಲಾಕ್ಷಮ್ಮನವರು ಹಿಂದಿನ ಕಂಬಕ್ಕೆ ಒರಗಿ ಕೂತಿದ್ದರು. ವೀಣೆ ಯಾವ ರಾಗ ನುಡಿಸಿತೋ ಅವರಿಗೆ ತಿಳಿಯದು. ಅವರ ಕಣ್ಣೆಲ್ಲ ಜಾಲರಿಯ ಮೇಲೆ.

ಮಧ್ಯೆ ಕಾಫಿಗೆಂದು ಬಿಡುವು ಕೊಟ್ಟಾಗ ಮನೆಯೊಡತಿ ತ್ರಿಪುರಸುಂದರಿಯವರು ಕೋಡುಬಳೆ ತಿನ್ನುತ್ತಲೇ ಸ್ಪೀಕರಿನ ಹತ್ತಿರ ಹೋದರು. ಎಪ್ಪತ್ತು ದಾಟಿದ ಹೆಂಗಸು. ಬಗ್ಗಿ ನೋಡಿ, ಎಣ್ಣೆಯ ಬೆರಳನ್ನು ಸೀದಾ ಜಾಲರಿಯ ಮೇಲಿಟ್ಟು ರಂಗೋಲಿಯ ಎಳೆ ಹಿಡಿದು ಹೊರಟೇಬಿಟ್ಟರು. ವಿಶಾಲಾಕ್ಷಮ್ಮನವರು ಕಂಬ ಬಿಟ್ಟು ಅರ್ಧ ಎದ್ದರು. ಬೆರಳು ಚುಕ್ಕಿ ಸುತ್ತಿತು, ತಿರುಗಿತು, ಮೇಲೆ ಹೋಯಿತು, ಇಳಿದು ಹೊರಟ ಜಾಗಕ್ಕೇ ಬಂದು ನಿಂತಿತು.

"ಎಲ್ಲೂ ತುಂಡಾಗಿಲ್ಲ ಕಣೇ," ಎಂದು ಅವರು ಪ್ರಿಯಂವದಾಗೆ ಹೇಳಿದರು. "ನಿಮ್ಮಜ್ಜೀದೇ ಇದು. ಬೀದಿಗೆಲ್ಲ ಅವಳೊಬ್ಬಳೇ ಹೀಗೆ ಒಂದೇ ಎಳೇಲಿ ಹಾಕ್ತಿದ್ಲು." ಹೇಳುತ್ತ ಅವರ ಕಣ್ಣು ತೇವವಾಯಿತು. ಸೆರಗಿನ ತುದಿಯಿಂದ ಮೊದಲು ಕಣ್ಣನ್ನೂ ಆಮೇಲೆ ಜಾಲರಿಯನ್ನೂ ಒರೆಸಿದರು. ಎಣ್ಣೆ ಹೋಯಿತು. ಜಾಲರಿಯ ಮೇಲೆ ಒಂದು ಗುರುತೂ ಉಳಿಯಲಿಲ್ಲ.

ಪ್ರಿಯಂವದಾ ಜನರನ್ನು ಸರಿಸಿಕೊಂಡು ಕಂಬದ ಹತ್ತಿರ ಬಂದು ಕೂತಳು. ಇಬ್ಬರು ಆಗಲೇ ತಮ್ಮ ಮನೆಗೂ ಬೇಕು ಎಂದಿದ್ದರು. "ಒಂದು ತೇಗದ ಪೆಟ್ಟಿಗೆ, ಇನ್ನೊಂದು ಹಲಸಿನ ಮರದ್ದು ಆಂಟಿ. ಜಾಲರಿ ಎರಡಕ್ಕೂ ಇದೇನಾ?"

"ಅದು ಹೇಗಾಗುತ್ತೆ? ಹಲಸು ತಾನೇ ಹಳದಿ. ಅದಕ್ಕೆ ಇದು ಬೇಡ," ಅಂದರು ವಿಶಾಲಾಕ್ಷಮ್ಮ, ಯಾರೋ ಅನ್ಯಾಯದ ಮಾತಾಡಿದ ಹಾಗೆ. "ಅವರ ಹಾಲ್‌ನಲ್ಲಿ ಬೆಳಕು ಯಾವ ಕಡೆಯಿಂದ ಬರುತ್ತೆ? ಮೊದಲು ಅದನ್ನ ತಿಳ್ಕೊಂಡು ಬನ್ನಿ."

ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ಶಿವರುದ್ರಪ್ಪನವರು ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಮತ್ತೆ ಗಂಟಲು ಸರಿಮಾಡಿಕೊಂಡರು. ತಗಡು ಉಜ್ಜುತ್ತಿದ್ದ ವಿಶಾಲಾಕ್ಷಮ್ಮನವರ ಕೈ ನಿಂತಿತು. ಹಿಂದಿನ ಸಲ ಅದೇ ಜಾಗದಲ್ಲಿ ನಿಂತು ಅವರು ಹೇಳಿದ್ದು ಇನ್ನೂ ಕಿವಿಯಲ್ಲಿತ್ತು.

"ಅಕ್ಕಿಪೇಟೇಲಿ ಒಂದು ಗೋಡೌನ್ ನೋಡಿದೀನಿ ಅತ್ತಿಗೆ. ಡಬ್ಬ ಎಲ್ಲ ಅಲ್ಲಿಗೆ ಹಾಕ್ತೀನಿ. ನಿಮ್ಮ ಗಿರಾಕಿಗಳು ಓರೆಯಾಗಿ ನಡೆದು ಬರೋದು ನೋಡೋಕೆ ಚೆನ್ನಾಗಿಲ್ಲ." ಅವರ ಕೈಯಲ್ಲಿ ಪೇಂಟಿನ ಬಣ್ಣಗಳ ಕಾರ್ಡಿತ್ತು. "ಹಬ್ಬಕ್ಕೆ ಅಂಗಡಿ ಮುಂದಿನ ಬಾಗಿಲಿಗೆ ಬಣ್ಣ ಹೊಡಿಸ್ತಿದೀನಿ. ಹಸಿರು ಅಂತ ಪೇಂಟರಿಗೆ ಹೇಳ್ಬಿಡೋನಿದ್ದೆ, ಆಮೇಲೆ..." ಎಂದು ಮಾತು ನಿಲ್ಲಿಸಿ ಕಾರ್ಡನ್ನು ಮುಂದೆ ಹಿಡಿದರು. "ನೀವೇ ಹೇಳಿ. ಹಳದೀನಾ?"

ಮದುವೆಯಾಗಿ ಬಂದಾಗಿನಿಂದ ಆ ಬಾಗಿಲು ಎಷ್ಟು ಸಲ ಬಣ್ಣ ಬದಲಾಯಿಸಿತ್ತು. ಒಂದು ಸಲವೂ ಯಾರೂ ಅವರನ್ನು ಕೇಳಿರಲಿಲ್ಲ. ವಿಶಾಲಾಕ್ಷಮ್ಮನವರು ಸೆರಗಿಗೆ ಕೈ ಒರೆಸಿಕೊಂಡು ಕಾರ್ಡು ತೆಗೆದುಕೊಂಡರು. ಬಾಗಿಲಿಗೆ ಹೋಗಿ ಅದರ ಪಕ್ಕದಲ್ಲಿಟ್ಟು ನೋಡಿದರು, ಬೆಳಕಿಗೆ ಹಿಡಿದರು, ತಿರುಗಿಸಿದರು. ಅವಸರ ಮಾಡಲಿಲ್ಲ. ಶಿವರುದ್ರಪ್ಪನವರೂ ಕಾದರು.

"ಹಳದಿ ಬೇಡ," ಅಂದರು ಕೊನೆಗೆ. "ಓಣಿ ಬಾಗಿಲು, ದಿನಾ ಎಲ್ಲರೂ ಕೈಯಿಟ್ಟು ತಳ್ತಾರೆ. ಇದು, ಈ ಕಂದು. ಹೊಳಪು ಇಲ್ಲದ್ದು ಕೊಡೋಕೆ ಹೇಳಿ."